ಇಂಕ್ ಪೆನ್ನಿಗೆ ಮನೆಯಲ್ಲಿರುವ ಚೀಲಗಳೇ ಸಾಕು: ಹಾಸನ, ಚಿಕ್ಕಮಗಳೂರಿನ ಹವೆಗೆ ಹೊಂದುವ ಪೆನ್ ಕೇಸ್ ಮಾಡಿಕೊಳ್ಳುವುದು ಹೇಗೆ?

ಇಂಕ್ ಪೆನ್ನಿಗೆ ಗೀರು ಬೀಳುವುದು ಹೆಚ್ಚಾಗಿ ಬ್ಯಾಗಿನ ಒಳಗೆ. ಬೀಗದ ಕೈ ಗೊಂಚಲು, ಚಿಲ್ಲರೆ ಕಾಸು, ಪಕ್ಕದ ಪೆನ್ನಿನ ಕ್ಲಿಪ್ಪು ಎಲ್ಲವೂ ಒಂದೇ ಖಾನೆಯಲ್ಲಿ ಉರುಳಾಡುತ್ತಿರುತ್ತವೆ. ಹಾಸನದಿಂದ ಸಕಲೇಶಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರ ಪೆನ್ನು ನೋಡಿ, ಹೊಳೆಯುವ ಬ್ಯಾರಲ್ (ಪೆನ್ನಿನ ಮೈ) ಮೇಲೆ ಸಣ್ಣ ಸಣ್ಣ ಗೆರೆಗಳು ತುಂಬಿರುತ್ತವೆ. ಪಾಠದ ಟಿಪ್ಪಣಿ ಬರೆಯುವ ಮೇಷ್ಟ್ರು, ಕೋರ್ಟಿಗೆ ಹೋಗುವ ವಕೀಲರು, ಎಸ್ಟೇಟಿನಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ತುಂಬುವ ರೈಟರು, ಪರೀಕ್ಷೆಗೆ ಇಂಕ್ ಪೆನ್ನೇ ಬೇಕೆನ್ನುವ ಮಕ್ಕಳು, ಎಲ್ಲರಿಗೂ ಇದೇ ಪಾಡು.

ಅಂಗಡಿಯಲ್ಲಿ ಚರ್ಮದ ಪೆನ್ ಕೇಸ್ ಸಿಗುತ್ತದೆ. ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ನಮ್ಮ ಕಡೆ ಜೂನ್ ಬಂತೆಂದರೆ ಚರ್ಮದ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ ಅಲ್ವಾ? ಚರ್ಮದ ಪೆನ್ ಕೇಸಿಗೂ ಅದೇ ಗತಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನನ್ನ ಖಚಿತ ಅಭಿಪ್ರಾಯ ಇದು: ಈ ಹವೆಗೆ ಒಗೆದು ಒಣಗಿಸಬಹುದಾದ ಬಟ್ಟೆಯ ಚೀಲವೇ ಸರಿ. ಅಂಥ ಚೀಲ ಮನೆಯಲ್ಲೇ ಎಲ್ಲೋ ಒಂದು ಕಡೆ ಇರುತ್ತದೆ. ಕಸೂತಿ ಸಾಮಾನಿನ ಪೆಟ್ಟಿಗೆಯಲ್ಲೋ, ಬೀರುವಿನಲ್ಲಿ ಒಡವೆ ಅಂಗಡಿಯ ಚೀಲವಾಗಿಯೋ, ಅಜ್ಜಿಯ ಟ್ರಂಕಿನಲ್ಲೋ ಹುಡುಕಿದರೆ ಸಿಗುತ್ತದೆ. ಅದನ್ನು ಪೆನ್ನಿಗೆ ಒಪ್ಪುವಂತೆ ಮಾಡಿಕೊಳ್ಳುವುದು ಹೇಗೆ ಎಂದು ನೋಡೋಣ.

ಚೀಲ ಹುಡುಕುವ ಮೊದಲು ಪೆನ್ನು ಅಳೆಯಿರಿ

ಮುಚ್ಚಳ ಹಾಕಿದ ಇಂಕ್ ಪೆನ್ನು ಸಾಮಾನ್ಯವಾಗಿ 13ರಿಂದ 15 ಸೆಂಟಿಮೀಟರ್ ಉದ್ದ ಇರುತ್ತದೆ. ಲ್ಯಾಮಿ ಸಫಾರಿ ಸುಮಾರು 14 ಸೆಂ.ಮೀ. ಕವೆಕೊ ಸ್ಪೋರ್ಟ್ ಗಿಡ್ಡ, ಸುಮಾರು 10.5 ಸೆಂ.ಮೀ. ರಾಜಮಂಡ್ರಿಯ ರತ್ನಂ, ತಮಿಳುನಾಡಿನ ರಂಗಾ ಇಂಥವರು ಮಾಡುವ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನುಗಳಲ್ಲಿ ದಪ್ಪ, ಉದ್ದದವೂ ಇವೆ. ಆದ್ದರಿಂದ ಅಂದಾಜು ಬೇಡ, ಸ್ಕೇಲ್ ಇಟ್ಟು ನೋಡಿ. ಚೀಲದ ಒಳ ಉದ್ದ ಪೆನ್ನಿಗಿಂತ ಕಡಿಮೆ ಎಂದರೆ 2 ಸೆಂ.ಮೀ. ಜಾಸ್ತಿ ಇರಲಿ. ಸರಿಯಾಗಿ ಅಷ್ಟೇ ಇದ್ದರೆ ಜಿಪ್ಪು ಎಳೆಯುವಾಗ ಮುಚ್ಚಳಕ್ಕೆ ಉಜ್ಜುತ್ತದೆ.

ಉದ್ದಕ್ಕಿಂತ ಎಡವಟ್ಟಾಗುವುದು ದಪ್ಪದಲ್ಲಿ. ಬಟ್ಟೆಯ ಖಾನೆ ಚಪ್ಪಟೆಯಾಗಿರುತ್ತದೆ, ಪೆನ್ನು ದುಂಡಗಿರುತ್ತದೆ. ಪೆನ್ನಿನ ಅಡ್ಡಗಲ 1.5 ಸೆಂ.ಮೀ. ಎಂದು ಖಾನೆಯನ್ನೂ ಅಷ್ಟೇ ಅಗಲ ಹೊಲಿದರೆ ಪೆನ್ನು ಒಳಗೇ ಹೋಗುವುದಿಲ್ಲ. ಸುಲಭದ ದಾರಿ ಹೀಗಿದೆ. ಹಳೆಯ ಪೇಪರಿನ ಪಟ್ಟಿಯೊಂದನ್ನು ಪೆನ್ನಿನ ಅತಿ ದಪ್ಪ ಜಾಗಕ್ಕೆ, ಕ್ಲಿಪ್ಪನ್ನೂ ಸೇರಿಸಿ, ಒಂದು ಸುತ್ತು ಸುತ್ತಿ. ಎರಡು ತುದಿ ಸೇರುವ ಕಡೆ ಗುರುತು ಹಾಕಿ. ಬಿಡಿಸಿ ಅಳೆಯಿರಿ. ಅದರಲ್ಲಿ ಅರ್ಧ ಮಾಡಿ, ಅರ್ಧ ಸೆಂ.ಮೀ. ಕೂಡಿಸಿ. ಅದೇ ಖಾನೆಯ ಅಗಲ. ಸುತ್ತಳತೆ 5 ಸೆಂ.ಮೀ. ಬಂದರೆ ಖಾನೆ 3 ಸೆಂ.ಮೀ. ಬೇಕು. ಈ ಒಂದು ಅಳತೆ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಯಾವ ಚೀಲ ಆಗುತ್ತದೆ?

ಮೊದಲ ಸ್ಥಾನ ಕ್ರೋಶಾ ಕಡ್ಡಿ ಇಡುವ ಸುರುಳಿ ಚೀಲಕ್ಕೆ. ಕ್ರೋಶಾ ಕಡ್ಡಿಗಳು ಸುಮಾರು 15 ಸೆಂ.ಮೀ. ಉದ್ದ ಇರುತ್ತವೆ, ಪೆನ್ನಿನ ಉದ್ದಕ್ಕೆ ಹತ್ತಿರ ಹತ್ತಿರ. ಒಂದೊಂದು ಕಡ್ಡಿಗೆ ಒಂದೊಂದು ಖಾನೆ, ಮೇಲಿಂದ ಮುಚ್ಚುವ ಮಡಿಕೆ, ಸುತ್ತಿ ಕಟ್ಟಲು ಲಾಡಿ. ಪೆನ್ನಿಗೆ ಬೇಕಾದದ್ದೂ ಇಷ್ಟೇ. ರಬ್ಬರ್ ಹಿಡಿಯ ದಪ್ಪ ಕಡ್ಡಿಗಳಿಗೆ ಮಾಡಿದ ಖಾನೆಯಾದರೆ ಸಾಧಾರಣ ಪೆನ್ನು ನೇರವಾಗಿ ಕೂರಬಹುದು. ಸಣ್ಣ ಸ್ಟೀಲ್ ಕಡ್ಡಿಗಳ ಖಾನೆಯಾದರೆ ತೀರಾ ಬಿಗಿ. ಹಾಗಂತ ಅದನ್ನು ಬದಿಗಿಡಬೇಡಿ. ಒಂದು ಬಿಟ್ಟು ಒಂದು ಹೊಲಿಗೆ ಸಾಲನ್ನು ಬಿಚ್ಚಿ. ಎರಡು ಸಣ್ಣ ಖಾನೆ ಸೇರಿ ಒಂದು ದೊಡ್ಡ ಖಾನೆ ಆಗುತ್ತದೆ. ಬಿಚ್ಚಿದ ಕಡೆ ಉಳಿದ ನೂಲನ್ನು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕ್ಲಿಪ್ಪಿಗೆ ಸಿಕ್ಕಿಕೊಳ್ಳುತ್ತದೆ. ಮೇಕಪ್ ಬ್ರಷ್ ಇಡುವ ಸುರುಳಿಗೂ ಇದೇ ಮಾತು. ಆದರೆ ಅದರಲ್ಲಿ ಉಳಿದ ಪೌಡರ್ ತೊಳೆದು ಹೋಗುವ ತನಕ ಪೆನ್ನು ಇಡಬೇಡಿ.

ಕಸೂತಿ, ಹೊಲಿಗೆಯ ಚೀಲ ಯಾವುದನ್ನೇ ಎತ್ತಿಕೊಂಡರೂ ಒಂದು ಕೆಲಸ ಮರೆಯಬಾರದು. ಸಣ್ಣ ಅಯಸ್ಕಾಂತವನ್ನು ಒಳಗೆಲ್ಲ ಮೂಲೆ ಮೂಲೆಗೆ ಆಡಿಸಿ. ಮಡಿಕೆಯಲ್ಲಿ ಅಡಗಿರುವ ಸೂಜಿ, ಗುಂಡುಪಿನ್ನು ಅಂಟಿಕೊಂಡು ಬರುತ್ತವೆ. ಪೆನ್ನಿಗಷ್ಟೇ ಅಲ್ಲ, ಕೈ ಬೆರಳಿಗೂ ಅದು ಒಳ್ಳೆಯದು.

ಎರಡನೆಯದು ಕನ್ನಡಕದ ಡಬ್ಬಿ. ಕನ್ನಡಕದ ಅಂಗಡಿಯವರು ಹೊಸ ಕನ್ನಡಕದ ಜೊತೆ ಕೊಡುವ ಗಟ್ಟಿ ಡಬ್ಬಿ ಪ್ರತಿ ಮನೆಯಲ್ಲೂ ಒಂದಾದರೂ ಮಿಕ್ಕಿರುತ್ತದೆ. ಒಳಗೆ ಮೆತ್ತನೆ ಬಟ್ಟೆ ಅಂಟಿಸಿರುತ್ತಾರೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ, ದಪ್ಪ ಪುಸ್ತಕ ಹೊರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೇಲಿಂದ ಭಾರ ಬಿದ್ದರೂ ಪೆನ್ನಿಗೆ ಸುಲಭವಾಗಿ ತಾಗುವುದಿಲ್ಲ. ತೊಂದರೆ ಒಂದೇ, ಒಳಗೆ ಪೆನ್ನು ಉರುಳುತ್ತದೆ. ಹಳೆಯ ಹತ್ತಿ ಬನಿಯನ್ನಿನ ತುಂಡನ್ನು ಸುರುಳಿ ಸುತ್ತಿ ಎರಡು ಪೆನ್ನಿನ ನಡುವೆ ಇಡಿ. ಎರಡು ಪೆನ್ನಿಗೆ ನಿಲ್ಲಿಸಿ, ಮೂರನೆಯದನ್ನು ತುರುಕಬೇಡಿ.

ಒಡವೆ ಅಂಗಡಿಯ ಜಿಪ್ಪಿನ ಚೀಲಗಳು ಮೆತ್ತಗಿರುತ್ತವೆ, ಆದರೆ ಬಹಳಷ್ಟು ಗಿಡ್ಡ. ಕವೆಕೊದಂಥ ಪುಟ್ಟ ಪೆನ್ನು ಹಿಡಿಸಬಹುದು. ಉಳಿದ ಪೆನ್ನಿಗೆ ಮೇಕಪ್ ಸಾಮಾನಿನ ಬಟ್ಟೆಯ ಚೀಲ ವಾಸಿ. ಒಳಗೆ 12 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ ಸಿಕ್ಕಿದರೆ ಮೂರು ಪೆನ್ನು ಹಿಡಿಯುತ್ತದೆ. ಆದರೆ ಖಾಲಿ ಜಿಪ್ಪಿನ ಚೀಲದಲ್ಲಿ ಪೆನ್ನುಗಳನ್ನು ಸುಮ್ನೆ ಹಾಕಬಾರದು. ಅದಕ್ಕೊಂದು ಒಳಚೀಲ ಬೇಕು. ಅದನ್ನು ಹೊಲಿಯುವ ಬಗೆ ಮುಂದೆ ಹೇಳುತ್ತೇನೆ.

ಇನ್ನು ಎಲೆ ಅಡಿಕೆ ಸಂಚಿ. ಹಿರಿಯರಿದ್ದ ಮನೆಗಳಲ್ಲಿ ಈಗಲೂ ಇದೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಪದರ ಪದರವಾಗಿ ಖಾನೆ ಇಟ್ಟು, ಬಾಯಿಗೆ ದಾರ ಪೋಣಿಸಿ ಹೊಲಿದಿರುತ್ತಾರೆ. ಸಾಮಾನುಗಳು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಇಡುವ ಆ ಜಾಣತನ ಪೆನ್ನಿಗೂ ಹೇಳಿ ಮಾಡಿಸಿದ್ದು. ಆದರೆ ಬಳಸಿದ ಸಂಚಿಯಲ್ಲಿ ಸುಣ್ಣದ ಪುಡಿ ಉಳಿದಿರುತ್ತದೆ. ಅದು ನುಣುಪಾದ ಮೈಯನ್ನು ಗೀರುತ್ತದೆ, ಅಲ್ಯೂಮಿನಿಯಂ ಭಾಗವಿದ್ದರೆ ಅದನ್ನು ತಿನ್ನುತ್ತದೆ. ಹೊಗೆಸೊಪ್ಪಿನ ವಾಸನೆಯೂ ಬೇಗ ಹೋಗುವುದಿಲ್ಲ. ಖಾನೆಗಳನ್ನು ಒಳಹೊರಗು ಮಾಡಿ, ನೀರು ತಿಳಿಯಾಗುವ ತನಕ ಒಗೆದರೆ ಮಾತ್ರ ಪೆನ್ನಿಗೆ ಯೋಗ್ಯ. ಖಾನೆ ಗಿಡ್ಡವಿದ್ದರೆ ಕನ್ವರ್ಟರ್ (ಇಂಕು ಎಳೆದುಕೊಳ್ಳುವ ಪುಟ್ಟ ಟ್ಯಾಂಕು), ಕಾರ್ಟ್ರಿಜ್ (ಇಂಕು ತುಂಬಿಸಿ ಬರುವ ಪುಟ್ಟ ಕೊಳವೆ), ಒರೆಸುವ ಬಟ್ಟೆ ಇಟ್ಟುಕೊಳ್ಳಿ. ಅಜ್ಜನ ಕಾಲದ ಸಂಚಿಯನ್ನು ಮಾತ್ರ ಕತ್ತರಿಸಿ ಸರಿಮಾಡಲು ಹೋಗಬೇಡಿ. ಅದನ್ನು ಹಾಗೇ ಉಳಿಸಿ, ನೋಡಿಕೊಂಡು ಅಂಥದ್ದೇ ಒಂದನ್ನು ಉದ್ದವಾಗಿ ಹೊಲಿಸಿ. ನಿಮ್ಮೂರಿನ ಟೈಲರ್ ಅಣ್ಣನಿಗೆ ಸಂಚಿ ತೋರಿಸಿದರೆ ಸಾಕು, ಅರ್ಥ ಆಗುತ್ತದೆ.

ಮಕ್ಕಳ ಜಾಮಿಟ್ರಿ ಬಾಕ್ಸ್ ತಗಡಿನದು. ಒಳಗೆ ದಪ್ಪ ಬಟ್ಟೆ ಹಾಸಿದರೆ ಮೇಜಿನ ಮೇಲೆ ಇಡಲು ಆಗುತ್ತದೆ. ಕೈವಾರದ ಜೊತೆ ಪೆನ್ನು ಬೇಡ.

ಇವು ಬೇಡ

ಪಾಸ್‌ಬುಕ್ಕಿಗೆ, ವಿಮೆ ಕಾಗದಕ್ಕೆ ಕೊಡುವ ರೆಕ್ಸಿನ್, ಪಾರದರ್ಶಕ ಪ್ಲಾಸ್ಟಿಕ್ ಚೀಲಗಳು ಪೆನ್ನಿಗೆ ಒಳ್ಳೆಯದಲ್ಲ. ಪಿವಿಸಿಯನ್ನು ಮೆತ್ತಗೆ ಮಾಡಲು ಬಳಸುವ ರಾಸಾಯನಿಕ ನಿಧಾನವಾಗಿ ಹೊರಬರುತ್ತದೆ. ತಿಂಗಳುಗಟ್ಟಲೆ ತಾಗಿಕೊಂಡಿದ್ದರೆ ಪೆನ್ನಿನ ಪ್ಲಾಸ್ಟಿಕ್ ಮೈ ಅಂಟಂಟಾಗಬಹುದು. ಹಳೆಯ ರೆಕ್ಸಿನ್ ಸಿಪ್ಪೆ ಎದ್ದು ಉದುರುವುದು ಬೇರೆ. ಬೈಕಿನ ಟೂಲ್ಸ್ ಚೀಲದಲ್ಲಿ ಎಣ್ಣೆ, ಗ್ರೀಸ್ ಇಂಗಿರುತ್ತದೆ, ಅದನ್ನು ಬಿಟ್ಟುಬಿಡಿ.

ಜರಿ ಇರುವ ಬಟ್ಟೆ, ಮಣಿ ಕನ್ನಡಿ ಹಾಕಿದ ಬಟ್ಟೆ ಹೊರಗೆ ಇದ್ದರೆ ಚೆಂದ, ಪೆನ್ನಿಗೆ ತಾಗುವ ಒಳಮೈಗೆ ಬೇಡ. ವೆಲ್ಕ್ರೋದ ಒರಟು ಬದಿಯೂ ಒಳಗೆ ಬರಬಾರದು.

ಬೀರುವಿನಲ್ಲಿ ನುಸಿ ಗುಳಿಗೆ ಇಡುವ ರೂಢಿ ನಮ್ಮಲ್ಲಿದೆ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸುತ್ತದೆ. ಪೆನ್ನಿನ ಚೀಲವನ್ನು ಆ ಬೀರುವಿನಿಂದ ದೂರ ಇಡಿ. ಹಾಗೆಯೇ ಎಬೊನೈಟ್ ಪೆನ್ನು ಮತ್ತು ಬೆಳ್ಳಿಯ ಪೆನ್ನನ್ನು ಒಂದೇ ಮುಚ್ಚಿದ ಚೀಲದಲ್ಲಿ ಬಹಳ ದಿನ ಇಡಬೇಡಿ. ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಆ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಉಣ್ಣೆ ಬಟ್ಟೆಯಲ್ಲೂ ಗಂಧಕವಿದೆ, ಬೆಳ್ಳಿಗೆ ಹತ್ತಿಯೇ ಲೇಸು.

ಮೂರು ಪೆನ್ನಿನ ಒಳಚೀಲ ಹೊಲಿಯುವುದು

ಇದಕ್ಕೆ ರವಿಕೆ ಕಣ ಸಾಕು. ಅರಿಶಿನ ಕುಂಕುಮದ ಜೊತೆ ಬಂದ ಬ್ಲೌಸ್ ಪೀಸುಗಳು ಬೀರುವಿನಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಅದರಲ್ಲಿ ಸಾದಾ ಹತ್ತಿಯ, ತಿಳಿ ಬಣ್ಣದ, ಸ್ವಲ್ಪ ದಪ್ಪನೆಯದನ್ನು ಆರಿಸಿ. ಕಡುಗೆಂಪು, ಕಡುನೀಲಿ ಬಣ್ಣ ಬಿಡುವುದು ಜಾಸ್ತಿ. ಬಟ್ಟೆ ತೆಳ್ಳಗಿದ್ದರೆ ಎರಡು ಪದರ ಸೇರಿಸಿ ಹೊಲಿಯಿರಿ. ಕೆಳಗಿನ ಅಳತೆ 14 ಸೆಂ.ಮೀ. ಉದ್ದ, 5 ಸೆಂ.ಮೀ. ಸುತ್ತಳತೆಯ ಪೆನ್ನಿಗೆ. ನಿಮ್ಮ ಚೀಟಿಯ ಅಳತೆ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಿಸಿ.

1. ಬಟ್ಟೆಯನ್ನು ಮೊದಲು ಒಗೆದು ಗಂಜಿ ತೆಗೆಯಿರಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಖಾನೆ ಬಿಗಿಯಾಗುತ್ತದೆ.

2. ಒಣಗಿದ ಮೇಲೆ ಬಿಳಿ ಬಟ್ಟೆಯೊಂದನ್ನು ಒದ್ದೆ ಮಾಡಿ ಅದರ ಮೇಲೆ ಚೆನ್ನಾಗಿ ಉಜ್ಜಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಕಣ ಬೇಡ, ಬೇರೆ ತೆಗೆದುಕೊಳ್ಳಿ.

3. 12 ಸೆಂ.ಮೀ. ಅಗಲ, 37 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ನಾಲ್ಕೂ ಅಂಚನ್ನು 1 ಸೆಂ.ಮೀ. ಮಡಚಿ ಹೊಲಿಯಿರಿ. ಈಗ 10 ಸೆಂ.ಮೀ. ಅಗಲ, 35 ಸೆಂ.ಮೀ. ಉದ್ದ ಉಳಿಯುತ್ತದೆ. ಅಂಚು ಮಡಚಿದ ಒರಟು ಬದಿ ಹೊರಗೆ ಬರಲಿ, ನುಣುಪು ಬದಿ ಪೆನ್ನಿಗೆ ತಾಗಲಿ.

4. ಒಂದು ತುದಿಯನ್ನು 11 ಸೆಂ.ಮೀ. ಮೇಲಕ್ಕೆ ಮಡಚಿ. ಎರಡೂ ಪಕ್ಕದ ಅಂಚನ್ನು ಅರ್ಧ ಸೆಂ.ಮೀ. ಒಳಗೆ ಹೊಲಿದು ಮುಚ್ಚಿ. ಒಂದು ಜೇಬು ತಯಾರಾಯಿತು.

5. ಆ ಜೇಬಿನ ಒಳ ಅಗಲ 9 ಸೆಂ.ಮೀ. ಸೀಮೆಸುಣ್ಣದಿಂದ 3 ಸೆಂ.ಮೀ.ಗೆ ಒಂದರಂತೆ ಎರಡು ಗೆರೆ ಎಳೆದು, ಗೆರೆಯ ಮೇಲೆ ಕೆಳಗಿನಿಂದ ಬಾಯಿಯ ತನಕ ಹೊಲಿಯಿರಿ. ಬಾಯಿಯ ಹತ್ತಿರ ಹೊಲಿಗೆಯನ್ನು ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿ. ಪೆನ್ನು ಹಾಕಿ ತೆಗೆಯುವಾಗ ಮೊದಲು ಬಿಚ್ಚಿಕೊಳ್ಳುವ ಜಾಗ ಅದು.

6. ಪೆನ್ನನ್ನು ಮುಚ್ಚಳ ಮೇಲೆ ಬರುವಂತೆ ಇಳಿಸಿ. 3 ಸೆಂ.ಮೀ. ಹೊರಗೆ ಉಳಿಯುತ್ತದೆ. ಕ್ಲಿಪ್ಪನ್ನು ಬಟ್ಟೆಗೆ ಸಿಕ್ಕಿಸಬೇಡಿ, ಮುಂದಕ್ಕೆ ತಿರುಗಿಸಿ ಸುಮ್ನೆ ಬಿಡಿ. ಸದಾ ಬಟ್ಟೆಗೆ ಸಿಕ್ಕಿಸಿದರೆ ಕ್ಲಿಪ್ಪು ಸಡಿಲವಾಗುತ್ತದೆ.

7. ಮೇಲೆ ಉಳಿದ ಬಟ್ಟೆಯನ್ನು ಮುಚ್ಚಳಗಳ ಮೇಲಿಂದ ಮುಂದಕ್ಕೆ ಮಡಚಿ. ಇದು ಮುಚ್ಚಳಗಳಿಗೂ ಜಿಪ್ಪಿಗೂ ನಡುವೆ ತಡೆಯಾಗಿ ಕೂರುತ್ತದೆ. ಈ ಮಡಿಕೆಯನ್ನು ಬಿಟ್ಟು ಹೊಲಿದರೆ ಉಳಿದ ಶ್ರಮವೆಲ್ಲ ವ್ಯರ್ಥ.

ಮಡಚಿದ ಮೇಲೆ ಒಳಚೀಲ 10 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದ ಆಗುತ್ತದೆ. 12ಕ್ಕೆ 18 ಸೆಂ.ಮೀ. ಚೀಲದಲ್ಲಿ ಆರಾಮಾಗಿ ಕೂರುತ್ತದೆ. ಮುಚ್ಚಳದ ಬದಿ ಯಾವುದೆಂದು ಹೊರಗಿನಿಂದಲೇ ತಿಳಿಯಲು ಹೊರಚೀಲದ ಆ ತುದಿಗೆ ಬಣ್ಣದ ದಾರ ಕಟ್ಟಿ. ಹೊಲಿಗೆ ಮಷಿನ್ ಇಲ್ಲದವರು ಕೈಯಲ್ಲೇ ಹೊಲಿಯಬಹುದು, ಹೊಲಿಗೆ ಒತ್ತೊತ್ತಾಗಿ ಬರಲಿ ಅಷ್ಟೇ.

ಒಳ್ಳೆಯ ಪೆನ್ನು ಇಡುವ ಮೊದಲು ಖಾಲಿ ಬಾಲ್ ಪೆನ್ನುಗಳಿಗೆ ಪೇಪರ್ ಸುತ್ತಿ ದಪ್ಪ ಮಾಡಿ ಖಾನೆಗಳಲ್ಲಿ ಇಡಿ. ಜಿಪ್ಪು ಹಾಕಿ, ಹಾಸಿಗೆಯ ಮೇಲೆ ಹಿಡಿದು ತಲೆಕೆಳಗು ಮಾಡಿ, ಅಲ್ಲಾಡಿಸಿ. ಟಕ್ ಟಕ್ ಸದ್ದು ಬಂದರೆ ಎಲ್ಲೋ ಒಂದಕ್ಕೊಂದು ತಾಗುತ್ತಿವೆ. ಖಾನೆಯಿಂದ ಜಾರಿ ಬಂದಿದ್ದರೆ ಅಗಲ ಜಾಸ್ತಿಯಾಗಿದೆ, ಹಳೆಯ ಹೊಲಿಗೆಗಿಂತ ತುಸು ಒಳಗೆ ಇನ್ನೊಂದು ಹೊಲಿಗೆ ಹಾಕಿ.

ಘಟ್ಟ ಹತ್ತುವಾಗ

ನಮ್ಮ ಕಡೆಯವರಿಗೆ ಮಂಗಳೂರು, ಧರ್ಮಸ್ಥಳದ ಓಡಾಟ ಇದ್ದೇ ಇರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಹೆಚ್ಚು ಕಡಿಮೆ 1000 ಮೀಟರ್ ಎತ್ತರದಲ್ಲಿವೆ. ಅಷ್ಟು ಮೇಲೆ ಬಂದಾಗ ಗಾಳಿಯ ಒತ್ತಡ ಶೇಕಡ 11ರಷ್ಟು ಕಡಿಮೆಯಾಗುತ್ತದೆ. ಪೆನ್ನಿನ ಟ್ಯಾಂಕಿನಲ್ಲಿ ಉಳಿದ ಗಾಳಿ ಹಿಗ್ಗಿ ಇಂಕನ್ನು ನಿಬ್ಬಿನ ಕಡೆಗೆ ತಳ್ಳುತ್ತದೆ. ಅಂದರೆ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತಿ ವಾಪಸ್ ಬರುವಾಗ ಸೋರುವ ಸಾಧ್ಯತೆ ಇದೆ, ಇಳಿಯುವಾಗ ಅಷ್ಟು ಭಯವಿಲ್ಲ. ಡ್ರಾಪರ್‌ನಿಂದ ಬ್ಯಾರಲ್ಲಿಗೇ ಇಂಕು ತುಂಬುವ ಪೆನ್ನುಗಳಲ್ಲಿ, ಅದೂ ಅರ್ಧಕ್ಕಿಂತ ಕಡಿಮೆ ಇಂಕಿದ್ದಾಗ, ಇದು ಜಾಸ್ತಿ. ಒಳಗೆ ಗಾಳಿ ಹೆಚ್ಚಿದಷ್ಟೂ ಹಿಗ್ಗುವುದೂ ಹೆಚ್ಚು.

ಹೊರಡುವ ಮೊದಲು ಇಂಕು ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ದಾರ ಕಟ್ಟಿದ ತುದಿ ಮೇಲಿರುವಂತೆ ಚೀಲವನ್ನು ಬ್ಯಾಗಿನಲ್ಲಿ ನಿಲ್ಲಿಸಿ. ಆಗ ನಿಬ್ಬು ಮೇಲಿರುತ್ತದೆ, ಗಾಳಿ ಮಾತ್ರ ಹೊರಗೆ ಹೋಗುತ್ತದೆ. ಊರು ಮುಟ್ಟಿದ ಮೇಲೆ ನಿಬ್ಬು ಮೇಲಿಟ್ಟೇ ಮುಚ್ಚಳ ತೆಗೆದು ಒಮ್ಮೆ ಒರೆಸಿ, ಆಮೇಲೆ ಬರೆಯಿರಿ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಚೀಲವನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡಿ ಗಾಳಿಗೆ ಹರವಿ. ಬಿಸಿಲು ಬಿದ್ದ ದಿನ ಚೀಲ ಬಿಸಿಲಿಗೆ, ಪೆನ್ನು ನೆರಳಿಗೆ. ಬಿಸಿಲು, ನೀರು ಎರಡೂ ಎಬೊನೈಟಿನ ಕಪ್ಪು ಬಣ್ಣವನ್ನು ಕಂದು ಮಾಡುತ್ತವೆ. ಬಿಸಿಲೇ ಕಾಣದ ದಿನಗಳಲ್ಲಿ ಹಂಡೆ ಒಲೆಯ ಹತ್ತಿರ ಬಟ್ಟೆ ಒಣಗಿಸುತ್ತೇವಲ್ಲ, ಅಲ್ಲೇ ಚೀಲವನ್ನೂ ನೇತುಹಾಕಬಹುದು. ಪೆನ್ನನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ, ಎಬೊನೈಟ್ ಶಾಖಕ್ಕೆ ಮೆತ್ತಗಾಗಿ ಬಾಗುತ್ತದೆ.

ಮಳೆಯಲ್ಲಿ ನಡೆದು ಹೋಗಬೇಕಾದಾಗ ಕಾಫಿ ಪುಡಿಯ ಜಿಪ್ಪಿನ ಪ್ಯಾಕೆಟ್ ಉಪಯೋಗಕ್ಕೆ ಬರುತ್ತದೆ. ಅರ್ಧ ಕೆಜಿಯದಾದರೆ ಬಟ್ಟೆಯ ಚೀಲ ಅದರೊಳಗೆ ಹೋಗಬಹುದು, ಇಟ್ಟು ನೋಡಿ. ಕಾಫಿಯ ಎಣ್ಣೆ ಅಂಟಿರುತ್ತದೆ, ಸೋಪಿನ ನೀರಿನಿಂದ ತೊಳೆದು ಒಣಗಿಸಿಯೇ ಬಳಸಿ. ಮನೆಗೆ ಅಥವಾ ಆಫೀಸಿಗೆ ಬಂದ ಕೂಡಲೇ ಚೀಲವನ್ನು ಹೊರಗೆ ತೆಗೆಯಿರಿ. ಮಳೆಯನ್ನು ತಡೆಯುವ ಪ್ಯಾಕೆಟ್ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಬಟ್ಟೆಯ ಚೀಲಕ್ಕೆ ಹಾಕುವವರಿದ್ದಾರೆ. ಬಟ್ಟೆಯ ಮೂಲಕ ಕೋಣೆಯ ತೇವವೆಲ್ಲ ಬರುತ್ತಲೇ ಇರುತ್ತದೆ, ಪೊಟ್ಟಣ ಬೇಗ ಸೋಲುತ್ತದೆ. ಬಹಳ ದಿನ ಬಳಸದ ಪೆನ್ನುಗಳಿದ್ದರೆ ಇಂಕು ಚೆಲ್ಲಿ, ತಣ್ಣೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಚೀಲ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಪೊಟ್ಟಣವನ್ನು ಆ ಡಬ್ಬಿಗೆ ಹಾಕಿ. ಇಂಕು ತುಂಬಿದ ಪೆನ್ನಿಗೆ ಇದು ಬೇಡ, ಇಂಕು ಬೇಗ ಒಣಗುತ್ತದೆ.

ಇಂಕು ಚೆಲ್ಲಿದರೆ

ಪೆನ್ನುಗಳನ್ನೆಲ್ಲ ಹೊರಗೆ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ಒಳಚೀಲವನ್ನು ಹೊರಗೆಳೆದು ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಬಿಸಿನೀರು ಬೇಡ, ಕಲೆ ಕೂತುಬಿಡಬಹುದು. ನೀರು ತಿಳಿಯಾದ ಮೇಲೆ ಸೋಪು ಹಚ್ಚಿ ಒಗೆಯಿರಿ. ಮಾಮೂಲಿ ನೀಲಿ ಇಂಕು ಬಹುತೇಕ ಹೋಗುತ್ತದೆ. ನೀರಿಗೆ ಅಳಿಯದ ಪರ್ಮನೆಂಟ್ ಇಂಕಾದರೆ ಕಲೆ ಉಳಿಯುತ್ತದೆ, ಉಳಿದರೆ ಉಳಿಯಲಿ, ಕಲೆಯಿಂದ ಪೆನ್ನಿಗೆ ಹಾನಿಯಿಲ್ಲ. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಕಲೆಯ ಮೇಲೆ ಉಜ್ಜಿ ನೋಡಿ. ಬಣ್ಣ ಹತ್ತದಿದ್ದರೆ ಪೆನ್ನುಗಳನ್ನು ವಾಪಸ್ ಇಡಬಹುದು. ಹತ್ತಿದರೆ ಇನ್ನೊಂದು ಸಲ ಒಗೆಯಿರಿ, ಆಗಲೂ ಬಿಡದಿದ್ದರೆ ಬೀರುವಿನಿಂದ ಇನ್ನೊಂದು ರವಿಕೆ ಕಣ ತೆಗೆಯಿರಿ. ಅಳತೆಯ ಚೀಟಿ ಹೇಗೂ ನಿಮ್ಮ ಹತ್ತಿರ ಇದೆ.